ನಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ, ಸರ್ಕಾರದ್ದು ಎಲ್ಲಿಂದ ಶುರು?

ಸರ್ಕಾರಿ ಶಾಲೆ, ನೀರು, ಆಸ್ಪತ್ರೆ ಅಂತ ಮಾತು ಬಂದರೆ ಎರಡು ಥರದ ಜನ ಸಿಗುತ್ತಾರೆ. ಒಬ್ಬರು, "ಎಲ್ಲದಕ್ಕೂ ಸರ್ಕಾರದ ಮುಂದೆ ಕೈ ಚಾಚಿದ್ರೆ ಹೇಗೆ? ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು" ಅನ್ನುತ್ತಾರೆ. ಇನ್ನೊಬ್ಬರು, "ತೆರಿಗೆ ಕಟ್ಟಿಲ್ವಾ? ಅದು ಅವರ ಕೆಲಸ, ಅವರೇ ಮಾಡಲಿ" ಅನ್ನುತ್ತಾರೆ. ತಮಾಷೆ ಅಂದರೆ ಎಷ್ಟೋ ಸಲ ಈ ಇಬ್ಬರೂ ಒಬ್ಬರೇ. ಬೇರೆಯವರ ಕಷ್ಟದ ವಿಷಯ ಬಂದಾಗ ಮೊದಲನೇ ಮಾತು, ತಮ್ಮ ಮನೆ ಮುಂದಿನ ರಸ್ತೆ ಹಾಳಾದಾಗ ಎರಡನೇ ಮಾತು.

ನಾನು ಈ ಇಬ್ಬರ ನಡುವೆ ರಾಜಿ ಮಾಡಿಸಲು ಬಂದಿಲ್ಲ. ಅರ್ಧ ಅವರದು, ಅರ್ಧ ನಮ್ಮದು ಅಂತ ಹಂಚಿಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ಯಾವ ಕೆಲಸ ಯಾರ ಕೈಗೆ ಎಟುಕುತ್ತದೆ ಅಂತ ಬಿಡಿಸಿ ನೋಡಬೇಕು. ಹಾಗೆ ನೋಡುತ್ತಾ ಹೋದರೆ ನಡುವೆ ಇನ್ನೊಂದು ಕೆಲಸ ಸಿಗುತ್ತದೆ. ಸರ್ಕಾರದಿಂದ ಸರಿಯಾಗಿ ಕೆಲಸ ತೆಗೆಸುವುದು. ಅದನ್ನು ಇಬ್ಬರೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ವೈಯಕ್ತಿಕ ಜವಾಬ್ದಾರಿಯ ದೊಡ್ಡ ಪಾಲು ಇರುವುದು ಅಲ್ಲೇ.

ಮೊದಲು "ನನ್ನ ಕಾಲ ಮೇಲೆ ನಾನು" ಅನ್ನುವವರನ್ನು ವಿಚಾರಿಸಿಕೊಳ್ಳೋಣ. ಅಮೆರಿಕದಲ್ಲಿ ಸುಝಾನ್ ಮೆಟ್ಲರ್ ಅಂತ ರಾಜಕೀಯ ಶಾಸ್ತ್ರಜ್ಞೆ ಇದ್ದಾರೆ. ಅವರು ಬಳಸಿದ 2008ರ ಸಮೀಕ್ಷೆಯಲ್ಲಿ ಒಂದು ನೇರ ಪ್ರಶ್ನೆ ಇತ್ತು: ನೀವು ಯಾವತ್ತಾದರೂ ಸರ್ಕಾರದ ಸಾಮಾಜಿಕ ಯೋಜನೆ ಬಳಸಿದ್ದೀರಾ? ಅರ್ಧಕ್ಕಿಂತ ಜಾಸ್ತಿ ಜನ "ಇಲ್ಲ" ಅಂದರು. ಆಮೇಲೆ ಯೋಜನೆಗಳ ಪಟ್ಟಿ ಮುಂದಿಟ್ಟು, ಇದು ತಗೊಂಡಿದ್ದೀರಾ, ಅದು ತಗೊಂಡಿದ್ದೀರಾ ಅಂತ ಒಂದೊಂದಾಗಿ ಕೇಳಿದಾಗ, ಇಲ್ಲ ಅಂದವರಲ್ಲೇ ನೂರಕ್ಕೆ 94 ಜನ ಒಂದಾದರೂ ಯೋಜನೆ ಬಳಸಿದ್ದರು. ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಅನ್ನುವ ಆರೋಗ್ಯ ವಿಮೆ ಇದೆಯಲ್ಲ, ಅದನ್ನು ಪಡೆಯುತ್ತಿದ್ದವರಲ್ಲಿ ನೂರಕ್ಕೆ ಸುಮಾರು 40 ಜನ ತಾವು ಸರ್ಕಾರದ ಯಾವ ಯೋಜನೆಯನ್ನೂ ಬಳಸಿಲ್ಲ ಅಂದಿದ್ದರು.

ಅವರೇನೂ ಸುಳ್ಳು ಹೇಳುತ್ತಿರಲಿಲ್ಲ. ಮನೆ ಸಾಲದ ಬಡ್ಡಿ ಮೇಲೆ ತೆರಿಗೆ ವಿನಾಯಿತಿ ಸಿಕ್ಕರೆ ಅದು ನೆರವು ಅಂತ ಯಾರಿಗೂ ಅನ್ನಿಸುವುದಿಲ್ಲ. ಸಾಲಿನಲ್ಲಿ ನಿಂತು, ಅರ್ಜಿ ತುಂಬಿ, ಗುಮಾಸ್ತರ ಮುಖ ನೋಡಿ ತಗೊಂಡದ್ದು ಮಾತ್ರ ನೆರವು ಅನ್ನಿಸುತ್ತದೆ. ಹಾಗಾಗಿ ಪರಾವಲಂಬಿ ಅನ್ನುವ ಬೈಗುಳ ಯಾವಾಗಲೂ ಸಾಲಿನಲ್ಲಿ ನಿಂತವರ ಮೇಲೇ ಬೀಳುತ್ತದೆ. ಸಾಲಿಲ್ಲದೆ ತಗೊಂಡವರು ಸ್ವಾವಲಂಬಿಗಳು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಕೇಳಿ.

ಒಬ್ಬ ಮನುಷ್ಯ ಎಷ್ಟೇ ಜವಾಬ್ದಾರಿಯಿಂದ ನಡೆದುಕೊಂಡರೂ ಅವನ ಕೈಗೆ ಎಟುಕದ ಕೆಲಸ ಹೇಗಿರುತ್ತದೆ? 1854ರ ಲಂಡನ್ ನೋಡಿ. ಊರಿಗೆ ಕಾಲರಾ ಬಂದಿತ್ತು. ಥೇಮ್ಸ್ ನದಿಯ ದಕ್ಷಿಣ ಭಾಗದಲ್ಲಿ ಎರಡು ಖಾಸಗಿ ಕಂಪನಿಗಳು ಒಂದೇ ಬೀದಿಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲೇ ತಾನು ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಊರಿನ ಕೊಳಕು ಸೇರುವುದಕ್ಕೆ ಮುಂಚಿನ ಜಾಗಕ್ಕೆ ಬದಲಾಯಿಸಿಕೊಂಡಿತ್ತು. ಎಲ್ಲ ಕಂಪನಿಗಳೂ ಹೀಗೆ ಜಾಗ ಬದಲಾಯಿಸಬೇಕು ಅಂತ ಕಾನೂನು ಬಂದಿತ್ತು, ಆದರೆ 1855ರ ತನಕ ಗಡುವು ಇತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಅನ್ನುವ ಇನ್ನೊಂದು ಕಂಪನಿ ಗಡುವು ಇದೆಯಲ್ಲ ಅಂತ ಊರಿನ ಕೊಳಕು ಬೆರೆತ ನೀರನ್ನೇ ಎತ್ತುತ್ತಿತ್ತು.

ಜಾನ್ ಸ್ನೋ ಅನ್ನುವ ವೈದ್ಯ ಸತ್ತವರ ಪಟ್ಟಿ ಹಿಡಿದು ಮನೆ ಮನೆಗೆ ಹೋದ. ನಿಮ್ಮ ಮನೆಗೆ ಯಾವ ಕಂಪನಿಯ ನೀರು ಅಂತ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಬಾಡಿಗೆ ಮನೆ, ನೀರಿನ ದುಡ್ಡು ಮಾಲೀಕ ಕಟ್ಟುತ್ತಿದ್ದ. ಸ್ನೋ ಆ ಮನೆಯ ನೀರನ್ನು ಒಂದು ಸಣ್ಣ ಶೀಶೆಯಲ್ಲಿ ತಗೊಂಡು ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಿದ್ದ. ನದಿಯ ಕೆಳಭಾಗದಲ್ಲಿ ಎತ್ತಿದ ನೀರಿನಲ್ಲಿ ಉಪ್ಪು ಬಹಳ ಜಾಸ್ತಿ, ಬಿಳಿ ಮೋಡದ ಹಾಗೆ ಗಷ್ಟು ಕಟ್ಟುತ್ತಿತ್ತು. ಹಾಗೆ ಕಂಪನಿ ಪತ್ತೆ ಮಾಡಿ ಲೆಕ್ಕ ಹಾಕಿದ. ಸದರ್ಕ್ ಅಂಡ್ ವಾಕ್ಸ್‌ಹಾಲ್ ನೀರು ಬರುತ್ತಿದ್ದ ಪ್ರತಿ 10,000 ಮನೆಗೆ 315 ಸಾವು. ಲ್ಯಾಂಬೆತ್ ನೀರಿನ ಪ್ರತಿ 10,000 ಮನೆಗೆ 37.

ಅಕ್ಕಪಕ್ಕದ ಮನೆಗಳು ಇವು. ಒಂದೇ ಬೀದಿ, ಒಂದೇ ಗಾಳಿ, ಹೆಚ್ಚುಕಡಿಮೆ ಒಂದೇ ಬಡತನ. ಒಂದು ಮನೆಯ ತಾಯಿ ಬೆಳಗ್ಗೆಯಿಂದ ಸಂಜೆ ತನಕ ಗುಡಿಸಿ ಒರೆಸಿ ಮಾಡಿದ್ದರೂ, ಪಕ್ಕದ ಮನೆಯವಳು ಸೋಮಾರಿ ಆಗಿದ್ದರೂ, ಯಾರ ಮಗು ಉಳಿಯುತ್ತದೆ ಅನ್ನುವುದರಲ್ಲಿ ನೆಲದಡಿಯ ಕೊಳವೆಯ ಪಾಲೇ ದೊಡ್ಡದು. "ಎರಡು ಕಂಪನಿ ಇದ್ದವಲ್ಲ, ಒಳ್ಳೆಯದನ್ನು ಆರಿಸಿಕೊಳ್ಳಬಹುದಿತ್ತಲ್ಲ" ಅಂತ ಕೇಳಬಹುದು. ಆಯ್ಕೆ ಇತ್ತು, ಕಾಗದದ ಮೇಲೆ. ಯಾವ ನೀರು ಕುಡಿಯುತ್ತಿದ್ದೇನೆ ಅಂತಲೇ ಗೊತ್ತಿಲ್ಲದವರು ಏನನ್ನು ಆರಿಸಿಕೊಳ್ಳುತ್ತಾರೆ? ಲಸಿಕೆಯದೂ ಇದೇ ಜಾತಿಯ ವಿಷಯ. ದಡಾರ ಹರಡದಂತೆ ತಡೆಯಲು ನೂರಕ್ಕೆ ಸುಮಾರು 95 ಜನರಿಗೆ ರಕ್ಷಣೆ ಇರಬೇಕು. ನನ್ನ ಮಗುವಿಗೆ ನಾನು ಹಾಕಿಸಬಹುದು, ಉಳಿದ 94 ಮಕ್ಕಳಿಗೆ ಯಾರು ಹಾಕಿಸಬೇಕು? ಇಂಥ ಕಡೆ ಸ್ವಾವಲಂಬನೆಯ ಭಾಷಣ ಸುಮ್ನೆ ಗಾಳಿಗೆ ಹೋಗುತ್ತದೆ.

ಈಗ ಎರಡನೆಯವರ ಸರದಿ. ಅದು ಅವರ ಕೆಲಸ, ಅವರೇ ಮಾಡಲಿ ಅನ್ನುವವರು.

ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು ಅಂತ ಇದೆ. ವರ್ಷದಲ್ಲಿ 8,760 ಗಂಟೆ. ಮಗು ದಿನಕ್ಕೆ ಹತ್ತು ಗಂಟೆ ಮಲಗುತ್ತದೆ ಅಂತ ಇಟ್ಟುಕೊಂಡರೂ ಎಚ್ಚರ ಇರುವುದು 5,110 ಗಂಟೆ. ಅದರಲ್ಲಿ ಶಾಲೆಯ 800 ಗಂಟೆ ಆರನೇ ಒಂದು ಪಾಲೂ ಇಲ್ಲ. ಎಷ್ಟೇ ಒಳ್ಳೆಯ ಶಾಲೆ, ಎಷ್ಟೇ ಒಳ್ಳೆಯ ಮೇಷ್ಟ್ರು ಇರಲಿ, ಮಿಕ್ಕ ಐದು ಪಾಲಿನಲ್ಲಿ ಮಗು ಏನು ಕೇಳಿಸಿಕೊಳ್ಳುತ್ತದೆ, ಯಾರ ಜೊತೆ ಮಾತಾಡುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ ಅನ್ನುವುದು ಇಲಾಖೆಯ ಸುತ್ತೋಲೆಗೆ ಸಿಗುವ ವಿಷಯ ಅಲ್ಲ.

ಇಂಗ್ಲೆಂಡಿನಲ್ಲಿ ಶಾಲೆ ಇನ್ನೂ ಕಡ್ಡಾಯ ಆಗುವ ಮುಂಚೆ, 1859ರಲ್ಲಿ, ಜಾನ್ ಸ್ಟುವರ್ಟ್ ಮಿಲ್ ಅನ್ನುವ ತತ್ವಜ್ಞಾನಿ ಒಂದು ಉಪಾಯ ಹೇಳಿದ್ದರು. ಮಗುವಿಗೆ ಶಿಕ್ಷಣ ಕೊಡಲೇಬೇಕು ಅಂತ ಸರ್ಕಾರ ಕಾನೂನು ಮಾಡಲಿ, ಆದರೆ ಶಾಲೆಗಳನ್ನೆಲ್ಲ ತಾನೇ ನಡೆಸುವುದು ಬೇಡ, ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿಬಿಡುತ್ತದೆ. ಎಲ್ಲಿ ಓದಿಸಬೇಕು ಅಂತ ತಂದೆ ತಾಯಿ ನೋಡಿಕೊಳ್ಳಲಿ, ಬಡವರ ಫೀಸಿಗೆ ಸರ್ಕಾರ ಸಹಾಯ ಮಾಡಲಿ. ಚಿಕ್ಕ ವಯಸ್ಸಿನಿಂದಲೇ ಮಗುವಿಗೆ ಪರೀಕ್ಷೆ. ಓದಲು ಬರಲಿಲ್ಲ ಅಂದರೆ ದಂಡ ಅಪ್ಪನಿಗೆ! ಕಟ್ಟಲು ಆಗದಿದ್ದರೆ ದುಡಿದು ತೀರಿಸಲಿ. ಇವತ್ತು ಈ ಕಾನೂನು ಬಂದರೆ ಎಷ್ಟು ಅಪ್ಪಂದಿರು ಪುಸ್ತಕ ಹಿಡಿದು ಕೂರುತ್ತಾರೆ ಅಂತ ಯೋಚಿಸಿದರೆ ನಗು ಬರುತ್ತದೆ.

ಆದರೆ ಮಿಲ್ ಅವರ ಉಪಾಯದಲ್ಲಿ ನನಗೆ ಒಂದು ತಕರಾರಿದೆ. ದಂಡ ಬೀಳುವ ಅಪ್ಪ ಯಾರು? ತನಗೇ ಓದಲು ಬರದವನು. ಹನ್ನೆರಡು ಗಂಟೆ ದುಡಿದು ಬರುವವನು. ಮನೆಯಲ್ಲಿ ಪುಸ್ತಕ ಇದ್ದು, ಓದಿದ ಅಮ್ಮ ಇದ್ದು, ಸಂಜೆ ಬಿಡುವು ಇರುವ ಮನೆಯವರಿಗೆ ಜವಾಬ್ದಾರಿ ಹೊರುವುದು ಸುಲಭ. ಆಮೇಲೆ ಅವರೇ ಮಿಕ್ಕವರಿಗೆ ಬುದ್ಧಿ ಹೇಳುತ್ತಾರೆ. ಇಂಗ್ಲೆಂಡ್ 1880ರಲ್ಲಿ ಶಾಲೆ ಕಡ್ಡಾಯ ಮಾಡಿತು, 1891ರಲ್ಲಿ ಪ್ರಾಥಮಿಕ ಶಾಲೆಯ ಫೀಸನ್ನು ಹೆಚ್ಚುಕಡಿಮೆ ತೆಗೆದುಹಾಕಿತು. ದಂಡ ಹಾಕುವುದಕ್ಕಿಂತ ಫೀಸ್ ತೆಗೆಯುವುದು ಜಾಣತನದ ಕೆಲಸ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ನನಗೆ ಗೊತ್ತಿರುವ ಅತಿ ಸ್ಪಷ್ಟವಾದ ಉತ್ತರ ಪಾಕಿಸ್ತಾನದ ಕರಾಚಿಯಿಂದ ಬಂದದ್ದು. ಒರಂಗಿ ಅಂತ ಒಂದು ದೊಡ್ಡ ಬಡಾವಣೆ. ಬಡಾವಣೆ ಅಂದರೆ ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ, ಬಂದವರು ಬಂದ ಹಾಗೆ ಮನೆ ಕಟ್ಟಿಕೊಂಡದ್ದು. ಒಳಚರಂಡಿ ಇರಲಿಲ್ಲ. ಓಣಿಯಲ್ಲೇ ಕೊಳಕು ನೀರು ಹರಿಯುತ್ತಿತ್ತು. ಸರ್ಕಾರ ಒಂದು ದಿನ ಬಂದು ಪುಕ್ಕಟೆ ಹಾಕಿಕೊಡುತ್ತದೆ ಅಂತ ಜನ ಕಾಯುತ್ತಿದ್ದರು. 1980ರಲ್ಲಿ ಅಖ್ತರ್ ಹಮೀದ್ ಖಾನ್ ಅಲ್ಲಿ ಒಂದು ಸಂಸ್ಥೆ ಶುರು ಮಾಡಿದರು. ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿ ಆಗಿದ್ದು ರಾಜೀನಾಮೆ ಕೊಟ್ಟು ಬಂದ ಮನುಷ್ಯ. ಹಾಗಾಗಿ ಸರ್ಕಾರ ಒಳಗಿನಿಂದ ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

ಅವರು ಜನಕ್ಕೆ ಹೇಳಿದ್ದು ಇಷ್ಟು. ಪುಕ್ಕಟೆ ಬರುವುದಿಲ್ಲ. ಗುತ್ತಿಗೆದಾರರ ದರದಲ್ಲಿ ಮಾಡಿಸಿದರೆ ನಿಮ್ಮ ಕೈಲಿ ಆಗುವುದೂ ಇಲ್ಲ. ಆದರೆ ಗುತ್ತಿಗೆದಾರರ ಲಾಭ, ಲಂಚ, ದುಬಾರಿ ವಿನ್ಯಾಸ ಇಷ್ಟನ್ನೂ ತೆಗೆದುಹಾಕಿದರೆ ಉಳಿಯುವ ಖರ್ಚನ್ನು ನೀವೇ ಹಾಕಬಹುದು. ಒಂದು ಓಣಿ ಅಂದರೆ ಇಪ್ಪತ್ತು ಮೂವತ್ತು ಮನೆ. ಆ ಓಣಿಯವರು ಸೇರಿ ತಮ್ಮಲ್ಲೇ ಒಬ್ಬರನ್ನು ಮುಖಂಡ ಅಂತ ಆರಿಸಬೇಕು. ಅವರೇ ದುಡ್ಡು ಒಟ್ಟುಮಾಡಬೇಕು, ಲೆಕ್ಕ ಇಡಬೇಕು, ಕೆಲಸ ಮಾಡಿಸಬೇಕು. ಸಂಸ್ಥೆ ಜನರ ದುಡ್ಡನ್ನು ಮುಟ್ಟುವುದೇ ಇಲ್ಲ. ಓಣಿಯ ಇಳಿಜಾರು ಅಳೆದು ಕೊಡುತ್ತದೆ, ನಕ್ಷೆ ಮತ್ತು ಅಂದಾಜು ಪಟ್ಟಿ ಕೊಡುತ್ತದೆ, ಉಪಕರಣ ಕೊಡುತ್ತದೆ. ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಒಳಚರಂಡಿ ಬಂತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ "ನೋಡಿ, ಜನ ಮನಸ್ಸು ಮಾಡಿದರೆ ಸರ್ಕಾರವೇ ಬೇಡ" ಅನ್ನುವವರಿದ್ದಾರೆ. ಪೂರ್ತಿ ಕೇಳಬೇಕು. ಒರಂಗಿಯವರು ಕೆಲಸವನ್ನು ಎರಡು ಭಾಗ ಮಾಡಿದ್ದರು. ಮನೆಯೊಳಗಿನ ಪಾಯಿಖಾನೆ, ಓಣಿಯ ಕೊಳವೆ, ಓಣಿಗಳನ್ನು ಸೇರಿಸುವ ಕೊಳವೆ, ಇವು ಒಳಗಿನ ಕೆಲಸ, ಜನರದ್ದು. ಊರಿನ ದೊಡ್ಡ ಕೊಳವೆ, ಕೊಳಕು ನೀರು ಶುದ್ಧ ಮಾಡುವ ಘಟಕ, ಇವು ಹೊರಗಿನ ಕೆಲಸ, ಸರ್ಕಾರದ್ದು. ಇಪ್ಪತ್ತು ಮನೆಯವರು ಕೂತು ಮಾತಾಡಿ ಒಂದು ಓಣಿಯ ಜಗಳ ಬಗೆಹರಿಸಬಹುದು. ಇಡೀ ಊರಿನ ದೊಡ್ಡ ಕೊಳವೆಗೆ ಯಾವ ಓಣಿಯ ಮುಖಂಡ ದುಡ್ಡು ಎತ್ತುತ್ತಾನೆ? ಓಣಿಯ ಕೊಳವೆಗಳು ಹತ್ತಿರದ ಹಳ್ಳಕ್ಕೆ ಹೋಗಿ ಬೀಳುತ್ತಿದ್ದವು. ಅಲ್ಲಿಂದ ಮುಂದೆ ಸರ್ಕಾರ ಕೈ ಹಾಕದಿದ್ದರೆ ಕೊಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಷ್ಟೇ.

ಅದಕ್ಕೇ ಆ ಸಂಸ್ಥೆಯವರು ನಕ್ಷೆ ಮಾಡಲು ಕೂತರು. ಯಾವ ಓಣಿಯ ನೀರು ಯಾವ ಹಳ್ಳಕ್ಕೆ, ಆ ಹಳ್ಳ ಎಲ್ಲಿಗೆ, ಎಲ್ಲವೂ ಕಾಗದದ ಮೇಲೆ ಬಂತು. "ನಮ್ಮ ಭಾಗ ಇಲ್ಲಿಗೆ ಮುಗಿದಿದೆ, ನಿಮ್ಮದು ಈ ಜಾಗದಿಂದ ಶುರು" ಅಂತ ಬೆರಳಿಟ್ಟು ತೋರಿಸಲು ಆಯಿತು. ಈ ಕೆಲಸದ ಮುಂದಾಳು ಪರ್ವೀನ್ ರೆಹಮಾನ್ ಅನ್ನುವ ವಾಸ್ತುಶಿಲ್ಪಿ. ಅವರು ಊರಂಚಿನ ಜಮೀನುಗಳ ದಾಖಲೆಯನ್ನೂ ಸೇರಿಸುತ್ತಿದ್ದರು. 2013ರ ಮಾರ್ಚ್‌ನಲ್ಲಿ ಅವರನ್ನು ಗುಂಡು ಹೊಡೆದು ಕೊಂದರು. ನಕ್ಷೆ ಅಂದರೆ ಬರೀ ಗೆರೆ ಅಂದುಕೊಳ್ಳುವವರು ಇದನ್ನು ನೆನಪಿಡಬೇಕು. ಯಾವುದು ಯಾರದು ಅಂತ ಬರೆದಿಟ್ಟರೆ ಕೆಲವರಿಗೆ ಬಹಳ ತೊಂದರೆ ಆಗುತ್ತದೆ.

ಶಾಲೆಗೆ ವಾಪಸ್ ಬರೋಣ. ಸರ್ಕಾರಿ ಶಾಲೆ ಸರಿ ಇಲ್ಲ ಅಂದರೆ ಜವಾಬ್ದಾರಿ ಇರುವ ತಂದೆ ತಾಯಿ ಏನು ಮಾಡುತ್ತಾರೆ? ಮಗುವನ್ನು ಬಿಡಿಸಿ ಖಾಸಗಿ ಶಾಲೆಗೆ ಹಾಕುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಶಾಲೆ ಸುಧಾರಿಸುವ ತನಕ ಮಗು ಬೆಳೆಯದೆ ಕಾಯುತ್ತದಾ? ಆದರೆ ಅವರು ಹೊರಟ ಮೇಲೆ ಹಿಂದೆ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು.

ಆಲ್ಬರ್ಟ್ ಹರ್ಷ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ ನೈಜೀರಿಯಾದ ರೈಲು ನೋಡಿ ತಲೆ ಕೆಡಿಸಿಕೊಂಡಿದ್ದರು. ಉತ್ತರದಲ್ಲಿ ಬೆಳೆದ ಕಡಲೆಕಾಯಿ ನೂರಾರು ಮೈಲಿ ದಾಟಿ ಬಂದರಿಗೆ ಹೋಗಬೇಕು. ಅಷ್ಟು ದೂರಕ್ಕೆ ರೈಲೇ ಅಗ್ಗ ಆಗಬೇಕಿತ್ತು, ಆದರೂ ಲಾರಿಗಳು ಗೆಲ್ಲುತ್ತಿದ್ದವು. ಪೈಪೋಟಿ ಬಂದರೆ ಸೇವೆ ಸುಧಾರಿಸುತ್ತದೆ ಅಂತ ಪುಸ್ತಕ ಹೇಳುತ್ತದೆ, ರೈಲು ಸುಧಾರಿಸಲೇ ಇಲ್ಲ. ಯಾಕೆ? 1970ರಲ್ಲಿ ಅವರು ಕೊಟ್ಟ ಉತ್ತರ ಇದು. ಗಲಾಟೆ ಮಾಡಿ ರೈಲನ್ನು ಸರಿ ದಾರಿಗೆ ತರಬಹುದಾಗಿದ್ದ ಗಿರಾಕಿಗಳೇ ಮೊದಲು ಲಾರಿಗೆ ಹೋಗಿಬಿಟ್ಟರು. ಗಿರಾಕಿ ಹೋದರೆ ರೈಲಿಗೆ ನಷ್ಟದ ಬಿಸಿ ತಟ್ಟುವುದಿಲ್ಲ, ಸರ್ಕಾರದ ಖಜಾನೆ ಇದೆ. ದೂರುವವರು ಇಲ್ಲದೆ ಹೋದದ್ದರಿಂದ ಅದಕ್ಕೆ ಇನ್ನೂ ಹಾಯೆನಿಸಿತು. ಶಾಲೆಗಳಲ್ಲೂ ಹೀಗೇ ಆಗುತ್ತದೆ ಅಂತ ಅವರೇ ಹೇಳಿದ್ದಾರೆ. ಮಗುವಿನ ಓದಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವವರು ಮೊದಲು ಹೋಗುತ್ತಾರೆ. ಉಳಿಯುವವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇದನ್ನು ಕೋರ್ಟಿನ ಮೂಲಕ ಸರಿ ಮಾಡಲು ಹೋದದ್ದೂ ಉಂಟು. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್, ಉತ್ತರ ಪ್ರದೇಶದ ಅಧಿಕಾರಿಗಳು, ಜನಪ್ರತಿನಿಧಿಗಳು, ನ್ಯಾಯಾಂಗದವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವ ಹಾಗೆ ಮಾಡಿ ಅಂತ ರಾಜ್ಯ ಸರ್ಕಾರಕ್ಕೆ ಆದೇಶ ಕೊಟ್ಟಿತು. ಕಾಯಿಲೆ ಸರಿಯಾಗೇ ಗುರುತಿಸಿದ್ದರು. ಆದೇಶ ಜಾರಿಗೆ ಬರಲಿಲ್ಲ. ಆಶ್ಚರ್ಯ ಆಯಿತಾ? ನನಗೂ ಆಗಲಿಲ್ಲ.

ಹಾಗಾದರೆ ಉಳಿದವರು ಹೇಗೆ ಕೇಳಬೇಕು? ಉಗಾಂಡಾದಲ್ಲಿ 1991ರಿಂದ 1995ರ ತನಕದ ಲೆಕ್ಕ ತೆಗೆದು ನೋಡಿದಾಗ, ಮಕ್ಕಳ ತಲೆಗಿಷ್ಟು ಅಂತ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಟ್ಟ ಅನುದಾನದಲ್ಲಿ ಸರಾಸರಿ ನೂರಕ್ಕೆ 13ರಷ್ಟು ಮಾತ್ರ ಶಾಲೆ ತಲುಪಿತ್ತು. ಮಿಕ್ಕದ್ದು ಜಿಲ್ಲೆಯ ಮಟ್ಟದಲ್ಲೇ ಕರಗಿತ್ತು. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ದುಡ್ಡು ಹೋಯಿತು ಅಂತ ಪತ್ರಿಕೆಗಳಲ್ಲಿ ಹಾಕಿಸಿತು, ಶಾಲೆಗಳೂ ಬಂದ ಮೊತ್ತವನ್ನು ಗೋಡೆ ಮೇಲೆ ಅಂಟಿಸಬೇಕಾಯಿತು. 2001ರ ಹೊತ್ತಿಗೆ ನೂರಕ್ಕೆ 80ರಷ್ಟು ತಲುಪುತ್ತಿತ್ತು. ಪತ್ರಿಕೆಯಿಂದಲೇ ಇಷ್ಟೆಲ್ಲ ಆಯಿತು ಅನ್ನುವುದು ಜಾಸ್ತಿ ಆಯಿತು, ಆಗ ಬೇರೆ ಸುಧಾರಣೆಗಳೂ ನಡೆದಿದ್ದವು ಅಂತ ಆಕ್ಷೇಪ ಎತ್ತಿದವರಿದ್ದಾರೆ. ಒಪ್ಪುತ್ತೇನೆ. ಆದರೂ ನಿಮ್ಮ ಶಾಲೆಗೆ ಇಷ್ಟು ಬರಬೇಕು ಅಂತ ಮೊತ್ತ ಗೊತ್ತಿದ್ದರೆ ಕೇಳುವ ರೀತಿಯೇ ಬೇರೆ ಇರುತ್ತದೆ. "ಶಾಲೆ ಸರಿ ಇಲ್ಲ" ಅಂದರೆ ಅಧಿಕಾರಿ "ನೋಡೋಣ" ಅನ್ನುತ್ತಾರೆ. "ಈ ತಿಂಗಳು ಬರಬೇಕಾದ ದುಡ್ಡಿನಲ್ಲಿ ಇಷ್ಟು ಕಮ್ಮಿ ಬಂದಿದೆ" ಅಂದರೆ ಅವರು ಫೈಲು ತೆಗೆಯಲೇಬೇಕು.

ಮಾಹಿತಿ ಕೊಟ್ಟು ಒಂದು ಸಮಿತಿ ಮಾಡಿದರೆ ಸಾಕು ಅಂತ ತಿಳಿಯಬೇಡಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮುಂತಾದ ಅರ್ಥಶಾಸ್ತ್ರಜ್ಞರು, ಮಕ್ಕಳ ಓದಿಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಜೊತೆ ಸೇರಿ ಇದನ್ನೇ ಪರೀಕ್ಷೆ ಮಾಡಿದರು. ಪ್ರತಿ ಹಳ್ಳಿಯಲ್ಲೂ ಗ್ರಾಮ ಶಿಕ್ಷಣ ಸಮಿತಿ ಇರಬೇಕಿತ್ತು. ವಿಚಾರಿಸಿದರೆ ಹೆಚ್ಚಿನ ತಂದೆ ತಾಯಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಕೆಲವು ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರಲಿಲ್ಲ! ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಸಮಿತಿಯ ಅಧಿಕಾರ ಏನು ಅಂತ ತಿಳಿಸಿದರು. ಇನ್ನು ಕೆಲವು ಕಡೆ ಅದರ ಜೊತೆಗೆ ಮಕ್ಕಳಿಗೆ ಓದಲು ಬರುತ್ತದಾ ಅಂತ ಊರವರೇ ಪರೀಕ್ಷಿಸುವುದನ್ನು ಹೇಳಿಕೊಟ್ಟರು. ಸಭೆಗಳು ಚೆನ್ನಾಗಿ ನಡೆದವು, ಜನ ಮಾತಾಡಿದರು. ಸರ್ಕಾರಿ ಶಾಲೆಯಲ್ಲಿ ಏನೂ ಬದಲಾಗಲಿಲ್ಲ.

ಮೂರನೇ ಗುಂಪಿನ ಹಳ್ಳಿಗಳಲ್ಲಿ ಇದೆಲ್ಲದರ ಜೊತೆ, ಇಷ್ಟ ಇರುವ ಯುವಜನರಿಗೆ ಮಕ್ಕಳಿಗೆ ಓದು ಕಲಿಸುವ ನಾಲ್ಕು ದಿನದ ತರಬೇತಿ ಕೊಟ್ಟರು. 65 ಹಳ್ಳಿಗಳಲ್ಲಿ 55 ಕಡೆ ಶಾಲೆಯ ಹೊರಗೆ ಓದಿನ ಶಿಬಿರ ಶುರುವಾಯಿತು. ಸಂಬಳ ಇಲ್ಲ. ಶಿಬಿರಕ್ಕೆ ಬಂದ ಮಕ್ಕಳು ಓದುವುದನ್ನು ಕಲಿತರು. ಅದೇ ಜನ, ಅದೇ ಊರು. ಮೇಷ್ಟ್ರನ್ನು ಪ್ರಶ್ನೆ ಮಾಡಲು ಬಾರದವರು ಪಕ್ಕದ ಮನೆ ಮಗುವಿಗೆ ಅಕ್ಷರ ಕಲಿಸಲು ಬಂದರು. ಇದನ್ನು ಹೇಡಿತನ ಅನ್ನಬೇಡಿ. ಸಮಿತಿಯಲ್ಲಿ ಕೂತು ದೂರು ಬರೆದರೆ ಯಾವ ಕಾಲಕ್ಕೆ ಏನಾಗುತ್ತದೋ ಯಾರಿಗೂ ತಿಳಿಯದು. ಮಗು ಒಂದು ಸಾಲು ಓದಿದರೆ ಅದು ಅವತ್ತೇ ಕಣ್ಣಿಗೆ ಕಾಣುತ್ತದೆ.

ಆದರೆ ಶಿಬಿರಕ್ಕೆ ಬಂದದ್ದು ಊರಿನ ಮಕ್ಕಳಲ್ಲಿ ಒಂದು ಸಣ್ಣ ಪಾಲು. ಎಲ್ಲ ಮಕ್ಕಳೂ ಇರುವುದು ಶಾಲೆಯಲ್ಲಿ. ಹಾಗಾಗಿ ಅದೇ ವಿಧಾನವನ್ನು, ಅಂದರೆ ತರಗತಿ ನೋಡದೆ ಮಗುವಿಗೆ ಎಲ್ಲಿಯ ತನಕ ಬರುತ್ತದೋ ಅಲ್ಲಿಂದ ಓದು ಕಲಿಸುವುದನ್ನು, ಶಾಲೆಯೊಳಗೆ ತರಲು ಹೊರಟರು. ಬಿಹಾರದಲ್ಲಿ ಸರ್ಕಾರಿ ಮೇಷ್ಟ್ರುಗಳೇ ಬೇಸಿಗೆ ಶಿಬಿರದಲ್ಲಿ ಹೀಗೆ ಪಾಠ ಮಾಡಿದಾಗ ಮಕ್ಕಳು ಕಲಿತರು. ಶಾಲೆ ನಡೆಯುವ ದಿನಗಳಲ್ಲಿ ಮೇಷ್ಟ್ರಿಗೆ ತರಬೇತಿ, ಪುಸ್ತಕ ಎಲ್ಲ ಕೊಟ್ಟರೂ ಏನೂ ಆಗಲಿಲ್ಲ. ಅವರಿಗೆ ಪಾಠಪಟ್ಟಿ ಮುಗಿಸುವ ಒತ್ತಡ. ಹಿಂದೆ ಉಳಿದ ಮಗುವಿಗೆ ಅಕ್ಷರ ಕಲಿಸುತ್ತಾ ಕೂತರೆ ಪಾಠ ಮುಗಿಯಲಿಲ್ಲ ಅಂತ ಬೈಸಿಕೊಳ್ಳಬೇಕು. 2012-13ರಲ್ಲಿ ಹರಿಯಾಣದಲ್ಲಿ ಬೇರೆ ಥರ ಮಾಡಿದರು. ಶಾಲೆಯ ದಿನಕ್ಕೆ ಒಂದು ಗಂಟೆ ಸೇರಿಸಿದರು. ಆ ಗಂಟೆಯಲ್ಲಿ ಪಾಠಪಟ್ಟಿ ಇಲ್ಲ, ತರಗತಿ ಲೆಕ್ಕ ಇಲ್ಲ, ಯಾವ ಮಗುವಿಗೆ ಎಲ್ಲಿಯ ತನಕ ಓದಲು ಬರುತ್ತದೋ ಅದರ ಮೇಲೆ ಗುಂಪು. ಮೇಲ್ವಿಚಾರಣೆಯ ಅಧಿಕಾರಿಗಳು ಮೊದಲು ತಾವೇ ಹೀಗೆ ಪಾಠ ಮಾಡಿ ನೋಡಿ, ಆಮೇಲೆ ಶಾಲೆಗಳಿಗೆ ಹೋದರು. ಮಕ್ಕಳ ಓದು ಸುಧಾರಿಸಿತು. ಅಂಥ ಒಂದು ಗಂಟೆ ಮುಂದಿನ ವರ್ಷವೂ ಉಳಿದಿದೆಯಾ ಅಂತ ತಿಳಿಯಲು ತಂದೆ ತಾಯಿಗೆ ಸಮಿತಿಯೂ ಬೇಕಾಗಿಲ್ಲ, ಸಮೀಕ್ಷೆಯೂ ಬೇಕಾಗಿಲ್ಲ. ಶಾಲೆಗೆ ಹೋಗಿ ಗೋಡೆ ಮೇಲಿನ ವೇಳಾಪಟ್ಟಿ ನೋಡಿದರೆ ಆಯಿತು.